ರಜೆಗೆ ಬಂದ ಮಕ್ಕಳು, ಮನೆಯಲ್ಲಿದ್ದ ಮುದುಕರು

ಹೆತ್ತವರ ಜಗಳ, ಕಾಯಿಲೆ, ಸಾಲ, ಯಾವುದೋ ಒಂದರಿಂದ ಕಂಗೆಟ್ಟ ಮನೆ. ಅಲ್ಲಿಯ ಮಗುವನ್ನು ಬೇಸಿಗೆ ರಜೆಯ ನೆಪದಲ್ಲಿ ಅಜ್ಜ-ಅಜ್ಜಿಯ ಊರಿಗೆ ಸಾಗಹಾಕುತ್ತಾರೆ. ಮಗು ಮೊದಮೊದಲು ಸಿಡುಕುತ್ತದೆ, ಬರಬರುತ್ತಾ ಮೆತ್ತಗಾಗುತ್ತದೆ, ರಜೆ ಮುಗಿಯುವಾಗ ಒಂದಿಷ್ಟು ದೊಡ್ಡದಾಗಿರುತ್ತದೆ. ಅಮೆರಿಕದಿಂದ ಕೊರಿಯಾದವರೆಗೆ ಸಿನಿಮಾದವರು ಈ ಕಥೆಯನ್ನು ಮತ್ತೆ ಮತ್ತೆ ಹೇಳಿದ್ದಾರೆ. ಕಥೆ ಹೇಳುವವರಿಗೆ ಇದರಲ್ಲಿ ಅನುಕೂಲವೂ ಇದೆ: ರಜೆಗೆ ಕೊನೆಯ ದಿನವೊಂದು ಮೊದಲೇ ಗೊತ್ತಾಗಿರುವುದರಿಂದ ಕಥೆಗೆ ಬೇರೆ ಗಡುವು ಹುಡುಕಬೇಕಿಲ್ಲ. ಇಂಥ ಚಿತ್ರಗಳನ್ನು ನಾವು ಸಾಮಾನ್ಯವಾಗಿ ಮಗುವಿನ ಕಡೆಯಿಂದಲೇ ಅಳೆಯುತ್ತೇವೆ. ನನಗೆ ಆ ಅಳತೆ ಸಾಲದು ಅನ್ನಿಸುತ್ತದೆ. ಈ ಪರಂಪರೆಯಲ್ಲಿ ಗಟ್ಟಿ ಯಾವುದು, ಜೊಳ್ಳು ಯಾವುದು ಎಂದು ತಿಳಿಯಬೇಕಾದರೆ ಮುದುಕರ ಕಡೆ ನೋಡಬೇಕು. ಆ ಬೇಸಿಗೆಯಲ್ಲಿ ಅವರ ಬದುಕಿನಲ್ಲೂ ಏನಾದರೂ ನಡೆಯುತ್ತದೆಯೇ, ಅಥವಾ ಮೊಮ್ಮಗುವಿಗೆ ಮದ್ದು ಅರೆಯುವುದಷ್ಟೇ ಅವರ ಕೆಲಸವೇ?

ಗ್ಯಾರಿ ಮಾರ್ಷಲ್ ನಿರ್ದೇಶನದ 'ಜಾರ್ಜಿಯಾ ರೂಲ್' (2007) ಎರಡನೆಯ ಬಗೆಯದು. ಮಾತು ಕೇಳದ ಮಗಳು ರೇಚಲ್‌ಳನ್ನು ತಾಯಿ ಐಡಹೋದ ಸಣ್ಣ ಊರಿನಲ್ಲಿರುವ ಅಜ್ಜಿಯ ಬಳಿ ಬಿಟ್ಟುಹೋಗುತ್ತಾಳೆ. ಅಜ್ಜಿಯದು ಮುರಿಯಬಾರದ ನಿಯಮಗಳ ಮನೆ. ಬಾಯಿ ಕೆಟ್ಟರೆ ಸೋಪಿನಿಂದ ತೊಳೆಸುವಷ್ಟು ಬಿಗಿ. ಮಲತಂದೆ ತನ್ನ ಮೇಲೆ ದೌರ್ಜನ್ಯ ನಡೆಸಿದ್ದಾನೆಂದು ಹುಡುಗಿ ಹೇಳಿದಾಗ ಚಿತ್ರಕ್ಕೆ ನಿಜವಾದ ಭಾರ ಬರುತ್ತದೆ. ತನ್ನ ಮಗಳು ಕುಡಿತಕ್ಕೆ ಬಿದ್ದದ್ದರಲ್ಲಿ ತನ್ನ ಪಾಲೆಷ್ಟು ಎಂದು ಅಜ್ಜಿ ಕೇಳಿಕೊಳ್ಳಬೇಕಾದದ್ದು ಆಗಲೇ. ಚಿತ್ರ ಆ ಪ್ರಶ್ನೆಯನ್ನು ಮುಟ್ಟಿ, ಬೇಗನೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಆ ಅಜ್ಜಿಯ ಪಾತ್ರ ಮಾಡಿದ ಜೇನ್ ಫೋಂಡಾ ಇಪ್ಪತ್ತಾರು ವರ್ಷ ಹಿಂದೆ 'ಆನ್ ಗೋಲ್ಡನ್ ಪಾಂಡ್' (1981) ಚಿತ್ರದಲ್ಲಿ ಮಗಳಾಗಿದ್ದರು. ತಂದೆಯಾಗಿ ನಟಿಸಿದ್ದು ಅವರ ಸ್ವಂತ ತಂದೆ ಹೆನ್ರಿ ಫೋಂಡಾ. ಅಲ್ಲಿ ಕೆರೆಯಂಚಿನ ಮನೆಗೆ ಬರುವ ಹದಿಮೂರರ ಹುಡುಗ ಬಿಲ್ಲಿ, ಮಗಳು ಮದುವೆಯಾಗಲಿರುವವನ ಮಗ. ಎಂಬತ್ತು ತುಂಬುತ್ತಿರುವ ತಂದೆ ನಾರ್ಮನ್‌ಗೆ ನೆನಪು ಕೈಕೊಡುತ್ತಿದೆ, ಸಾವಿನ ಭಯವಿದೆ. ಇಬ್ಬರೂ ಮೀನು ಹಿಡಿಯುತ್ತಾ ಗೆಳೆಯರಾಗುತ್ತಾರೆ. ಇಷ್ಟಕ್ಕೇ ನಿಂತಿದ್ದರೆ ಅದು ಕಣ್ಣು ತೇವ ಮಾಡಿಸುವ ಇನ್ನೊಂದು ಚಿತ್ರವಾಗುತ್ತಿತ್ತು. ಆದರೆ ಯುರೋಪಿನಿಂದ ಮರಳಿದ ಮಗಳು, ತನಗೆ ಎಂದೂ ಸಿಗದ ತಂದೆ ಪರರ ಹುಡುಗನಿಗೆ ಒಂದೇ ಬೇಸಿಗೆಯಲ್ಲಿ ಸಿಕ್ಕಿದ್ದನ್ನು ನೋಡುತ್ತಾಳೆ. ಮೊಮ್ಮಕ್ಕಳ ಮೇಲೆ ಸುರಿಯುವ ಪ್ರೀತಿ ಕೆಲವೊಮ್ಮೆ ಮಕ್ಕಳಿಗೆ ಕೊಡದೆ ಉಳಿಸಿಕೊಂಡ ಬಾಕಿ. ಸಂಗೀತ ಎಷ್ಟೇ ಸಿಹಿಯಾಗಿರಲಿ, ಆ ಕಹಿಯನ್ನು ಈ ಚಿತ್ರ ಮುಚ್ಚಿಡುವುದಿಲ್ಲ.

ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಚಿತ್ರವೂ ಇದೆ: ಲೀ ಜಂಗ್-ಹ್ಯಾಂಗ್ ಅವರ ಕೊರಿಯನ್ ಚಿತ್ರ 'ದ ವೇ ಹೋಮ್' (2002). ಸಿಯೋಲ್‌ನಿಂದ ಬಂದ ಏಳು ವರ್ಷದ ಸಾಂಗ್-ವೂ ಕರಿದ ಕೋಳಿ ಬೇಕೆಂದು ಹಟ ಹಿಡಿದರೆ ಮಾತು ಬಾರದ ಅಜ್ಜಿ ಕೋಳಿ ತಂದು ಬೇಯಿಸಿ ಇಡುತ್ತಾಳೆ, ಅವನು ಅಳುತ್ತಾನೆ. ಆಟಿಕೆಯ ಬ್ಯಾಟರಿಗಾಗಿ ಅವಳ ಹೆರಳಿನ ಕಡ್ಡಿಯನ್ನೇ ಕದಿಯುತ್ತಾನೆ, ಅವಳು ಬೈಯುವುದಿಲ್ಲ. ಈ ಅಜ್ಜಿಗೆ ಕೊಡುವುದೊಂದೇ ಗೊತ್ತು, ಆದರೂ ಚಿತ್ರ ಮನಸ್ಸಿಗೆ ನಾಟುತ್ತದಲ್ಲ ಎಂದು ಕೇಳಬಹುದು. ನಾಟುವುದು ನಿಜ. ಅಭಿನಯ ಗೊತ್ತಿಲ್ಲದ ಹಳ್ಳಿಯ ವೃದ್ಧೆ ಕಿಮ್ ಉಲ್-ಬೂನ್ ಅವರ ಬಾಗಿದ ಬೆನ್ನು, ನಿಧಾನದ ನಡಿಗೆ ಯಾವ ನಟಿಗೂ ಸುಲಭವಾಗಿ ಬರುವಂಥದ್ದಲ್ಲ. ಆದರೂ ಅಜ್ಜಿಯ ಮಾತನ್ನು ಕಿತ್ತುಕೊಂಡಾಗ ಒಲ್ಲೆ ಎನ್ನುವ ಹಕ್ಕೂ ಅದರೊಂದಿಗೆ ಹೋಯಿತು. ಅವಳಿಗೆ ಸಿಟ್ಟಿಲ್ಲ, ಮಗಳ ಮೇಲೆ ದೂರಿಲ್ಲ. ಚಿತ್ರವನ್ನು ಲೋಕದ ಎಲ್ಲ ಅಜ್ಜಿಯರಿಗೂ ಅರ್ಪಿಸಿದ್ದಾರೆ. ಎಲ್ಲ ಅಜ್ಜಿಯರಿಗೂ ಸಲ್ಲಬೇಕೆಂದೇ ಈ ಅಜ್ಜಿಗೆ ತನ್ನದೆನ್ನುವುದು ಕಡಿಮೆ ದಕ್ಕಿದೆ. ಓದು ಬರೆಹ ಬಾರದ ಅವಳು ತನಗೆ ಬರೆಯಲೆಂದು ಹುಡುಗ ಚಿತ್ರದ ಕಾರ್ಡುಗಳನ್ನು ಬಿಟ್ಟುಹೋಗುವ ಕೊನೆಯ ಭಾಗದಲ್ಲಿ ಮಾತ್ರ ಅವಳಿಗೂ ಕಾಯಿಲೆ, ಒಂಟಿತನ ಇವೆಯೆಂದು ಚಿತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅತಿ ಹೆಚ್ಚು ಕಾಡುವ ಭಾಗವೂ ಅದೇ.

ತೈವಾನಿನ ಹೌ ಶಿಯಾವ್-ಶೆನ್ 1984ರಲ್ಲೇ ಈ ಕಥೆಯನ್ನು ಬೇರೆ ದಾರಿಗೆ ತಂದಿದ್ದರು. 'ಎ ಸಮ್ಮರ್ ಅಟ್ ಗ್ರ್ಯಾಂಡ್‌ಪಾಸ್' ಚಿತ್ರದಲ್ಲಿ ತಾಯಿ ತೈಪೆಯ ಆಸ್ಪತ್ರೆಯಲ್ಲಿದ್ದಾಳೆ. ಪ್ರಾಥಮಿಕ ಶಾಲೆ ಮುಗಿಸಿದ ತುಂಗ್-ತುಂಗ್ ತಂಗಿಯೊಡನೆ ವೈದ್ಯರಾದ ಅಜ್ಜನ ಮನೆಗೆ ಬರುತ್ತಾನೆ. ಸಹಲೇಖಕಿ ಚೂ ತಿಯೆನ್-ವೆನ್ ಅವರ ಬಾಲ್ಯದ ನೆನಪುಗಳೇ ಕಥೆಯ ಮೂಲ. ಅಲ್ಲಿ ಆಮೆ, ಹೊಳೆ, ಮರ, ರೈಲು ಎಲ್ಲ ಇವೆ. ಜೊತೆಗೆ ಮಾವ ಒಬ್ಬ ಹುಡುಗಿಯನ್ನು ಬಸಿರು ಮಾಡಿ ಅಜ್ಜನಿಂದ ಹೊರದಬ್ಬಿಸಿಕೊಳ್ಳುತ್ತಾನೆ, ದಾರಿಯಲ್ಲಿ ಮಲಗಿದ್ದವರನ್ನು ಕಲ್ಲಿನಿಂದ ಜಜ್ಜಿ ದೋಚುವುದನ್ನು ಮಕ್ಕಳು ಕಾಣುತ್ತಾರೆ, ಊರವರು ಹುಚ್ಚಿ ಎನ್ನುವ ಹೆಂಗಸೇ ರೈಲು ಹಳಿಯಿಂದ ತಂಗಿಯನ್ನು ಎತ್ತಿ ಉಳಿಸುತ್ತಾಳೆ. ಅಜ್ಜ ಉಪದೇಶ ಮಾಡುವ ಜ್ಞಾನಿಯಲ್ಲ. ಮಗನ ವಿಷಯದಲ್ಲಿ ಸೋತು ಸಿಟ್ಟಾದ ತಂದೆ. ಹುಡುಗ ಕಂಡದ್ದರಲ್ಲಿ ಎಷ್ಟು ಅರ್ಥವಾಯಿತೆಂದು ಚಿತ್ರ ಹೇಳುವುದಿಲ್ಲ. ದೊಡ್ಡವರ ಲೋಕ ತನಗಾಗಿ ನಡೆಯುತ್ತಿಲ್ಲ ಎಂಬುದು ಮಾತ್ರ ಅವನಿಗೆ ತಟ್ಟಿದೆ.

ನನ್ನ ವಾದಕ್ಕೆ ಇನ್ನೊಂದು ಆಕ್ಷೇಪವುಂಟು: ಇವು ಬೆಳೆಯುವ ಮಗುವಿನ ಕಥೆಗಳು, ಮುದುಕರನ್ನು ನಡುವೆ ತಂದರೆ ಮಗು ಬದಿಗೆ ಸರಿಯುವುದಿಲ್ಲವೇ? ಯೂನ್ ಡಾನ್-ಬಿ ಅವರ 'ಮೂವಿಂಗ್ ಆನ್' (2019) ನೋಡಿದರೆ ಆ ಅಂಜಿಕೆಗೆ ಕಾರಣ ಕಾಣದು. ಹದಿಹರೆಯದ ಓಕ್-ಜು, ತಮ್ಮ, ಕೈಬರಿದಾದ ತಂದೆ, ಗಂಡನಿಂದ ದೂರವಾದ ಅತ್ತೆ, ಎಲ್ಲರೂ ಆ ಬೇಸಿಗೆ ಅಜ್ಜನ ಹಳೆಯ ಮನೆ ಸೇರುತ್ತಾರೆ. ಅಜ್ಜನಿಗೆ ಮಾತು ಕಡಿಮೆ, ಆರೋಗ್ಯ ಇನ್ನೂ ಕಡಿಮೆ. ಒಂದು ರಾತ್ರಿ ಅವರು ಒಬ್ಬರೇ ಕೂತು ಹಾಡು ಕೇಳುತ್ತಿರುತ್ತಾರೆ. ಓಕ್-ಜು ಮೆಟ್ಟಿಲ ಮೇಲಿಂದ ನೋಡುತ್ತಾಳೆ, ಕೆಳಗಿಳಿಯುವುದಿಲ್ಲ. ಅಜ್ಜನಿಗೆ ತಾನು ಸೇರದ ಬದುಕೊಂದಿದೆ ಎಂದು ಅವಳಿಗೆ ಗೊತ್ತಾಗುವುದು ಅಲ್ಲೇ. ಮುಂದೆ ಅಜ್ಜ ಇನ್ನೂ ಬದುಕಿರುವಾಗಲೇ ತಂದೆ ಮತ್ತು ಅತ್ತೆ ಮನೆ ಮಾರುವ ಮಾತೆತ್ತಿದಾಗ ವಿರೋಧಿಸುವವಳು ಅವಳೊಬ್ಬಳೇ. ಅಜ್ಜನನ್ನು ಕಾಣಲು ಕಲಿತದ್ದರಿಂದ ಹುಡುಗಿ ಸಣ್ಣವಳಾಗಲಿಲ್ಲ, ದೊಡ್ಡವಳಾದಳು. ಅವಳ ಸ್ವಂತ ಸಂಕಟ ತೀರುವುದೂ ಇಲ್ಲ; ತಾಯಿ ದೂರವೇ ಉಳಿಯುತ್ತಾಳೆ, ಅಜ್ಜನೂ ಇರುವುದಿಲ್ಲ.

ಏಪ್ರಿಲ್ ಬಂತೆಂದರೆ ಮಕ್ಕಳನ್ನು ಅಜ್ಜಿ ಮನೆಗೆ ಕಳಿಸುವ ರೂಢಿ ನಮ್ಮಲ್ಲೂ ಇರುವುದರಿಂದ ಈ ಚಿತ್ರಗಳು ಕನ್ನಡ ಪ್ರೇಕ್ಷಕರಿಗೆ ಬೇಗ ಒಗ್ಗುತ್ತವೆ. ಸಕ್ಕರೆ ಹೆಚ್ಚಾದದ್ದು ಇನ್ನೂ ಬೇಗ ಒಗ್ಗುತ್ತದೆ. ಇವುಗಳಲ್ಲಿ ಒಂದನ್ನೇ ನೋಡಲು ಬಿಡುವಿದ್ದರೆ 'ಮೂವಿಂಗ್ ಆನ್' ನೋಡಿ. ಎರಡಕ್ಕೆ ಬಿಡುವಿದ್ದರೆ ಹೌ ಅವರದನ್ನು ಮೊದಲು ನೋಡಿ.