ಗುರುವಿನ ಮಾತು, ಶಿಷ್ಯರ ರಣರಂಗ

ಮೊದಲನೆಯ ಮಹಾಯುದ್ಧವನ್ನು ನಾವು ತಾರೀಖುಗಳ ಮೂಲಕ ಕಲಿಸುತ್ತೇವೆ. 1914ರ ಜೂನ್ 28ರಂದು ಸರಾಯೇವೊದಲ್ಲಿ ಆಸ್ಟ್ರಿಯದ ಯುವರಾಜನ ಕೊಲೆ. ಜುಲೈ 28ರಂದು ಸರ್ಬಿಯದ ಮೇಲೆ ಯುದ್ಧಘೋಷಣೆ. ಅನಂತರ ಒಂದೇ ವಾರದಲ್ಲಿ ಜರ್ಮನಿ, ರಷ್ಯ, ಫ್ರಾನ್ಸ್, ಬ್ರಿಟನ್ನುಗಳು ಕಣಕ್ಕಿಳಿದುವು.

ಎರಿಕ್ ಮರಿಯಾ ರೆಮಾರ್ಕನ 'ಪಶ್ಚಿಮದಲ್ಲಿ ಹೊಸದೇನೂ ಇಲ್ಲ' (1929) ಎಂಬ ಜರ್ಮನ್ ಕಾದಂಬರಿಯಲ್ಲಾದರೋ ಯುದ್ಧವು ತರಗತಿಯಲ್ಲಿ ಆರಂಭವಾಗುತ್ತದೆ. ಕಾಂಟೊರೆಕ್ ಎಂಬ ಉಪಾಧ್ಯಾಯನ ಭಾಷಣಗಳಿಗೆ ಮರುಳಾಗಿ ಇಡಿಯ ತರಗತಿಯೇ ಸೇನೆಗೆ ಸೇರುತ್ತದೆ. ಹಿಂಜರಿದ ಬೆಮ್ ಎಂಬ ಹುಡುಗನೇ ಮೊದಲು ಮಡಿದವರಲ್ಲಿ ಒಬ್ಬನಾಗುತ್ತಾನೆ.

ಮುಂದಿನದು ಯಂತ್ರಗಳ ಯುದ್ಧ: ಕಂದಕ, ಮುಳ್ಳುತಂತಿ, ಮೆಷಿನ್ ಗನ್, ವಿಷವಾಯು. 1916ರ ಜುಲೈ 1ರಂದು ಸೊಮ್ ರಣರಂಗದಲ್ಲಿ ಬ್ರಿಟಿಷ್ ಸೇನೆಯೊಂದರಲ್ಲಿಯೇ 57,000ಕ್ಕೂ ಹೆಚ್ಚು ಮಂದಿ ಸತ್ತರು, ಗಾಯಗೊಂಡರು ಇಲ್ಲವೆ ಕಾಣೆಯಾದರು. ರನ್ನನ ಭೀಮ ದುರ್ಯೋಧನರು ಒಬ್ಬರ ಮುಖವನ್ನೊಬ್ಬರು ಕಂಡು ಹೋರಾಡಿದರು. ಇಲ್ಲಿ ಫಿರಂಗಿ ಹಾರಿಸಿದವನಿಗೆ ಸತ್ತವನ ಮುಖ ಕಾಣದು. ಆದ್ದರಿಂದಲೇ, ತಾನು ಇರಿದ ಫ್ರೆಂಚ್ ಸೈನಿಕನೊಡನೆ ನಾಯಕ ಪಾಲ್ ಒಂದೇ ಗುಂಡಿಯಲ್ಲಿ ಗಂಟೆಗಟ್ಟಲೆ ಕಳೆಯುವ ಪ್ರಕರಣವು ಕೃತಿಯ ಹೃದಯವೆಂದು ನಮ್ಮ ಮತ.

ಕೊರತೆಯೂ ಉಂಟು. ಬೆಲ್ಜಿಯಮ್ಮಿನ ಮೇಲೆ ಏರಿಹೋದವರು ಯಾರು, ಏಕೆ ಎಂಬ ವಿವೇಚನೆ ಇಲ್ಲಿ ದೊರೆಯದು. ಸಾಮಾನ್ಯ ಸೈನಿಕನ ಕಣ್ಣಿಗೆ ನೋವು ಕಾಣುತ್ತದೆ, ಕಾರಣಗಳು ಕಾಣವು. ಆದುದರಿಂದ ಚರಿತ್ರೆಯ ಪಾಠವನ್ನೂ ಈ ಕಾದಂಬರಿಯನ್ನೂ ಜೊತೆಯಾಗಿಯೇ ಓದಬೇಕು.

1933ರಲ್ಲಿ ನಾತ್ಸಿಗಳು ಈ ಗ್ರಂಥವನ್ನು ಬಹಿರಂಗವಾಗಿ ಸುಟ್ಟರು. ಆರು ವರ್ಷಗಳಲ್ಲಿ ಮತ್ತೆ ಮಹಾಯುದ್ಧ ಬಂದಿತು. ಉಪಾಧ್ಯಾಯ ಮಿತ್ರರು ಕಾಂಟೊರೆಕನ ಪಾತ್ರವನ್ನು ವಿಶೇಷವಾಗಿ ಗಮನಿಸಬೇಕು. ಅವನು ಕ್ರೂರಿಯಲ್ಲ, ತಾನು ಅರಿಯದುದನ್ನು ಅರಿತವನಂತೆ ಬೋಧಿಸಿದವನು. ಆ ತಪ್ಪು ನಮ್ಮಿಂದಲೂ ಆಗಬಹುದು.