ಗಾಡಿ ನೆರಳಿಗೆ, ಪ್ಯಾನೆಲ್ ಬಿಸಿಲಿಗೆ

ಕ್ಯಾಂಪರ್‌ವ್ಯಾನ್ ಕಟ್ಟಿಸುವವರು ಮೊದಲು ವಿಚಾರಿಸುವುದು ಚಾವಣಿಯ ಮೇಲೆ ಎಷ್ಟು ವ್ಯಾಟ್‌ನ ಸೋಲಾರ್ ಪ್ಯಾನೆಲ್ ಕೂರುತ್ತದೆ ಎಂದು. ವಿಚಾರಿಸಬೇಕಾದದ್ದು ಒಳಗೆ ಏನೇನು ಓಡುತ್ತದೆ ಎಂದು. 12 ವೋಲ್ಟ್‌ನ ಸಣ್ಣ ಫ್ರಿಜ್ಜಿನ ಕಂಪ್ರೆಸರ್ 45 ವ್ಯಾಟ್ ಎಳೆಯುತ್ತಾ ದಿನದ ಮೂರನೇ ಒಂದು ಭಾಗ ಓಡಿತು ಎಂದುಕೊಳ್ಳಿ, 360 ವ್ಯಾಟ್-ಅವರ್ ಆಯಿತು. ರಾತ್ರಿಯ ಫ್ಯಾನು, ಎಲ್‌ಇಡಿ ದೀಪ, ಮೊಬೈಲು, ಲ್ಯಾಪ್‌ಟಾಪು ಸೇರಿದರೆ 700ರ ಹತ್ತಿರ. ಇಂಡಕ್ಷನ್ ಒಲೆ ಈ ಲೆಕ್ಕಕ್ಕೆ ಬೇಡ. 2000 ವ್ಯಾಟ್‌ನ ಒಲೆ 12 ವೋಲ್ಟ್ ಬ್ಯಾಟರಿಯಿಂದ ಎಳೆಯುವುದು 160 ಆಂಪಿಯರ್‌ಗೂ ಹೆಚ್ಚು; ಅಡುಗೆಗೆ ಗ್ಯಾಸೇ ಸರಿ.

ಬೇಸಿಗೆಯಲ್ಲಿ ನಮ್ಮ ಒಂದು ದಿನದ ಬಿಸಿಲು ಪೂರ್ಣ ಪ್ರಖರತೆಯ ಸುಮಾರು 5 ಗಂಟೆಗೆ ಸಮ. 200 ವ್ಯಾಟ್ ಪ್ಯಾನೆಲ್ ಎಂದರೆ ಕಾಗದದ ಮೇಲೆ 1000 ವ್ಯಾಟ್-ಅವರ್. ಆದರೆ ಆ 200 ಅಳೆದದ್ದು ಕೋಶಗಳು 25 ಡಿಗ್ರಿಯಲ್ಲಿದ್ದಾಗ. ಬಳ್ಳಾರಿಯ ಏಪ್ರಿಲ್ ಮಧ್ಯಾಹ್ನ ತಗಡಿಗೆ ಅಂಟಿದ ಪ್ಯಾನೆಲ್ 65 ಡಿಗ್ರಿ ಮುಟ್ಟಿದರೆ, ಡಿಗ್ರಿಗೆ ಶೇ 0.35ರಂತೆ ಏಳರಲ್ಲೊಂದು ಪಾಲು ಅಲ್ಲೇ ಹೋಯಿತು. ಬಾಗುವ ತೆಳು ಪ್ಯಾನೆಲ್ ನೋಡಲು ಚೆಂದ, ಆದರೆ ಅಂಟಿಸಿಬಿಟ್ಟರೆ ತಣಿಯಲು ದಾರಿಯಿಲ್ಲ. ಅಲ್ಯೂಮಿನಿಯಂ ಚೌಕಟ್ಟಿನ ಗಾಜಿನ ಪ್ಯಾನೆಲ್ಲನ್ನು ಎರಡು ಬೆರಳು ಎತ್ತರಿಸಿ, ಅಡಿಯಲ್ಲಿ ಗಾಳಿ ಆಡುವಂತೆ ಕೂರಿಸುವುದೇ ಮೇಲು. ಓರೆಯಾಗಿ ನಿಲ್ಲಿಸುವ ಸಾಹಸ ಬೇಕಿಲ್ಲ: ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ, ಮಟ್ಟಸವಾಗಿ ಮಲಗಿಸಿದರೂ ನಷ್ಟ ಅಲ್ಪ.

ನಿಜವಾದ ಶತ್ರು ನೆರಳು.

ಗಾಡಿಯಲ್ಲಿ ಮಲಗುವವರಿಗೆ ಮರದಡಿ ಬೇಕು, ಪ್ಯಾನೆಲ್ಲಿಗೆ ಬಯಲು ಬೇಕು. ಕೊಡಗಿನ ಕಾಫಿ ತೋಟದಂಚಿನಲ್ಲಿ ನಿಲ್ಲಿಸಿ ನೋಡಿದರೆ ಈ ಜಗಳ ಅರ್ಥವಾಗುತ್ತದೆ. ಸಾಮಾನ್ಯ 36 ಕೋಶಗಳ ಪ್ಯಾನೆಲ್ಲಿನಲ್ಲಿ ಕೋಶಗಳೆಲ್ಲ ಒಂದೇ ಸರಣಿಯಲ್ಲಿ ಹೆಣೆದಿರುತ್ತವೆ. ಒಂದು ಕೋಶವನ್ನು ಸಿಲ್ವರ್ ಓಕ್ ಎಲೆ ಮುಚ್ಚಿದರೂ ಬೈಪಾಸ್ ಡಯೋಡ್ ಆ ಕೋಶವಿರುವ ಅರ್ಧವನ್ನೇ ಬಿಟ್ಟು ಸುತ್ತಿ ಹೋಗುತ್ತದೆ. ಹೋಗುವುದು ಎಲೆಯಷ್ಟಲ್ಲ, ಪ್ಯಾನೆಲ್ಲಿನ ಅರ್ಧ. ಹಾಗಾಗಿ ಚಾವಣಿಗೆ 400 ವ್ಯಾಟ್ ತುರುಕುವುದಕ್ಕಿಂತ ಮೇಲೆ 200, ಜೊತೆಗೆ ಮಡಚುವ 100 ವ್ಯಾಟ್‌ನದೊಂದು ಇಟ್ಟುಕೊಳ್ಳುವುದು ಜಾಣತನ. ಗಾಡಿ ನೆರಳಲ್ಲೇ ಇರಲಿ, ಮಡಚುವ ಪ್ಯಾನೆಲ್ 10 ಮೀಟರ್ ವೈರಿನ ತುದಿಯಲ್ಲಿ ಬಿಸಿಲು ಕಾಯಲಿ. 4 ಚದರ ಮಿ.ಮೀ. ತಾಮ್ರದ ವೈರಾದರೆ ನಷ್ಟ ಅರ್ಧ ವೋಲ್ಟ್‌ನಷ್ಟು.

ಚಾರ್ಜ್ ಕಂಟ್ರೋಲರ್ ಮಾತ್ರ ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ಅಗ್ಗದ ಪಿಡಬ್ಲ್ಯೂಎಂ ಕಂಟ್ರೋಲರ್ 18 ವೋಲ್ಟ್‌ನ ಪ್ಯಾನೆಲ್ಲನ್ನು ಬ್ಯಾಟರಿಯ 13ಕ್ಕೆ ಎಳೆದು ಉಳಿದದ್ದನ್ನು ಕಳೆಯುತ್ತದೆ. ಎಂಪಿಪಿಟಿ ಅದನ್ನೇ ಹೆಚ್ಚಿನ ಆಂಪಿಯರ್ ಮಾಡಿ ತುಂಬುತ್ತದೆ. ಜೋಡಿಸುವಾಗ ಬ್ಯಾಟರಿ ಮೊದಲು, ಪ್ಯಾನೆಲ್ ಆಮೇಲೆ. ಬ್ಯಾಟರಿಯ ಪಾಸಿಟಿವ್‌ಗೆ ಹತ್ತಿರದಲ್ಲೇ ಫ್ಯೂಸ್.

ಬ್ಯಾಟರಿಗೆ ದುಡ್ಡು ಹಾಕುವುದಾದರೆ 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಬರಿದು ಮಾಡಿದರೆ ಆಯುಸ್ಸು ಕುಗ್ಗುತ್ತದೆ. ಲಿಥಿಯಂ ಬ್ಯಾಟರಿಯಲ್ಲಿ ಶೇ 80ಕ್ಕೂ ಹೆಚ್ಚು ಧೈರ್ಯವಾಗಿ ಬಳಸಬಹುದು. ಲಡಾಖಿಗೆ ಹೊರಟವರು ಒಂದು ಎಚ್ಚರ ವಹಿಸಬೇಕು, ಸೊನ್ನೆ ಡಿಗ್ರಿಗಿಂತ ಕೆಳಗೆ ಇದನ್ನು ಚಾರ್ಜ್ ಮಾಡಕೂಡದು.

ಜುಲೈ ತಿಂಗಳ ಆಗುಂಬೆಗೆ ಈ ಯಾವ ಲೆಕ್ಕವೂ ಹೊಂದುವುದಿಲ್ಲ. ದಟ್ಟ ಮೋಡದಡಿ ಪ್ಯಾನೆಲ್ ಕೊಡುವುದು ಚೂರುಪಾರು. ಅಲ್ಲಿ ಕೈಹಿಡಿಯುವುದು ಎಂಜಿನ್ನಿನ ಆಲ್ಟರ್ನೇಟರ್‌ಗೆ ಜೋಡಿಸಿದ 30 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್: ಘಟ್ಟದಿಂದ ತೀರ್ಥಹಳ್ಳಿಗೆ ಒಂದು ಗಂಟೆ ಓಡಿಸಿದರೆ ಫ್ರಿಜ್ಜಿನ ಒಂದು ದಿನದ ಪಾಲು ಬ್ಯಾಟರಿ ಸೇರಿರುತ್ತದೆ.