ಯಾವ ವಯಸ್ಸಿಗೆ ಯಾವ ಕಾದಂಬರಿ?

ಕಳೆದ ಬೇಸಿಗೆ ರಜೆಗೆ ಮುಂಚೆ ನಮ್ಮ ಗ್ರಂಥಾಲಯದ ಗೋಡೆಗೆ ನಾನೊಂದು ಪಟ್ಟಿ ಅಂಟಿಸಿದ್ದೆ. ‘ವಯಸ್ಸಿಗೆ ತಕ್ಕ ಕಾದಂಬರಿಗಳು’ ಎಂದು ಅದರ ತಲೆಬರಹ. ಹನ್ನೆರಡರಿಂದ ಹದಿನೈದು, ಹದಿನಾರರಿಂದ ಇಪ್ಪತ್ತೈದು, ಮೂವತ್ತರ ನಂತರ, ಅರವತ್ತರ ನಂತರ ಎಂದು ನಾಲ್ಕು ಭಾಗ ಮಾಡಿ, ಒಂದೊಂದರ ಕೆಳಗೆ ಆರೇಳು ಹೆಸರು ಬರೆದಿದ್ದೆ. ಇಪ್ಪತ್ತು ವರ್ಷ ಈ ಮೇಜಿನ ಹಿಂದೆ ಕೂತವನಿಗೆ ಇಷ್ಟೂ ಗೊತ್ತಿರದಿದ್ದರೆ ಹೇಗೆ ಎಂಬ ಧೈರ್ಯ. ಎರಡು ತಿಂಗಳಲ್ಲಿ ಆ ಪಟ್ಟಿಯನ್ನು ನಾನೇ ಕಿತ್ತುಹಾಕಿದೆ.

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ ತಂದು ಮೇಜಿನ ಮೇಲಿಟ್ಟಳು. ನನ್ನ ಪಟ್ಟಿಯಲ್ಲಿ ಅದು ಮೂವತ್ತರ ನಂತರದ ಪುಸ್ತಕ. ಒಂದು ಕ್ಷಣ ಅನುಮಾನಿಸಿದೆ, ಆಮೇಲೆ ಮುದ್ರೆ ಒತ್ತಿ ಕೊಟ್ಟೆ. ವಾರ ಕಳೆಯುವುದರೊಳಗೆ ಅವಳ ತಂದೆ ಬಂದರು. “ಪುಟ ತಿರುಗಿಸಿದರೆ ಬೈಗುಳ. ಇಂಥದ್ದನ್ನ ಮಕ್ಕಳ ಕೈಗೆ ಕೊಡ್ತೀರಲ್ಲ ಸಾರ್? ಮೂವತ್ತರ ನಂತರ ಅಂತ ನೀವೇ ಗೋಡೆಗೆ ಬರೆದು ಹಾಕಿದೀರಿ!”

ನನ್ನ ಪಟ್ಟಿಯೇ ನನಗೆ ಎದುರು ಸಾಕ್ಷಿಯಾಯಿತು. ಏನೋ ತಡವರಿಸಿ ಅವರನ್ನು ಕಳಿಸಿದೆ. ಅಂದು ಹೇಳಬೇಕಾಗಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

‘ಗೃಹಭಂಗ’ದಲ್ಲಿ ಬೈಗುಳ ಇರುವುದು ನಿಜ. ಗಂಗಮ್ಮನ ಬಾಯಲ್ಲಿ ಒಳ್ಳೆಯ ಮಾತು ಬರುವುದೇ ಅಪರೂಪ. ಆದರೆ ಅದು ರುಚಿಗೆ ಉದುರಿಸಿದ ಖಾರವಲ್ಲ. ಆ ಮನೆ ಮುರಿಯುವುದರಲ್ಲಿ ಪ್ಲೇಗು, ಬಡತನಗಳಷ್ಟೇ ಪಾಲು ಆ ನಾಲಿಗೆಗೂ ಇದೆ. ಅದಕ್ಕೆ ನಂಜಮ್ಮ ಕೊಡುವ ಉತ್ತರ ಇನ್ನೊಂದು ಬೈಗುಳವಲ್ಲ, ಕೆಲಸ. ಮುತ್ತುಗದೆಲೆ ಹಚ್ಚುತ್ತಾಳೆ, ಕೈಲಾಗದ ಗಂಡನ ಬದಲು ಶಾನುಭೋಗಿಕೆಯ ಲೆಕ್ಕ ಬರೆಯುತ್ತಾಳೆ. ಬೈಗುಳ ತೆಗೆದುಹಾಕಿದರೆ ಅವಳ ಮೌನಕ್ಕೆ ತೂಕವೇ ಇರುವುದಿಲ್ಲ.

ಮೂರು ವಾರದ ಮೇಲೆ ಆ ಹುಡುಗಿ ದಂಡ ಕಟ್ಟಿ ಪುಸ್ತಕ ವಾಪಸು ಕೊಟ್ಟಳು. ಹೋಗುವಾಗ ಕೇಳಿದಳು: “ಲೆಕ್ಕ ಎಲ್ಲ ನಂಜಮ್ಮ ಬರೀತಾಳೆ. ಶಾನುಭೋಗಿಕೆ ಮಾತ್ರ ಗಂಡನ ಹೆಸರಲ್ಲೇ ಯಾಕೆ ಸರ್?” ಮೂವತ್ತು ದಾಟಿದ ಎಷ್ಟೋ ಜನ ಈ ಕಾದಂಬರಿ ಓದಿ ಕಣ್ಣೀರು ಹಾಕಿದ್ದನ್ನು ಬಲ್ಲೆ. ಈ ಪ್ರಶ್ನೆ ಕೇಳಿದವರು ಯಾರೂ ಇರಲಿಲ್ಲ.

ಎರಡನೆಯ ಪೆಟ್ಟು ಪಟ್ಟಿಯ ಇನ್ನೊಂದು ತುದಿಯಲ್ಲಿ ಬಿತ್ತು. ಶಿವರಾಮ ಕಾರಂತರ ‘ಬೆಟ್ಟದ ಜೀವ’ವನ್ನು (1943) ಅರವತ್ತರ ನಂತರದವರಿಗೆ ಎಂದು ಬರೆದಿದ್ದೆ. ಕಾಡಿನ ನಡುವೆ ತೋಟ ಎಬ್ಬಿಸಿದ ಗೋಪಾಲಯ್ಯ, ಶಂಕರಮ್ಮ ಎಂಬ ಮುದುಕ ಮುದುಕಿ, ಮನೆಬಿಟ್ಟು ಹೋದ ಮಗನ ಹಂಬಲ. ಇಳಿವಯಸ್ಸಿನವರಿಗೆ ಇದಕ್ಕಿಂತ ಹತ್ತಿರದ ಪುಸ್ತಕ ಯಾವುದಿದೆ ಎಂದುಕೊಂಡು ನಿವೃತ್ತ ಮೇಷ್ಟ್ರೊಬ್ಬರಿಗೆ ಕೊಟ್ಟೆ. ಅವರ ಮಗ ಇರುವುದು ಹೊರದೇಶದಲ್ಲಿ. ಎರಡೇ ದಿನಕ್ಕೆ ವಾಪಸು ತಂದರು. “ಇದು ನಮ್ಮ ಮನೆಯಲ್ಲೇ ನಡೀತಿದೆ ಮಾರಾಯ್ರೆ, ಓದೋದು ಬೇರೆ ಯಾಕೆ? ಬೇರೆ ಎಂಥದಾದ್ರೂ ಕೊಡಿ.” ತೇಜಸ್ವಿಯವರ ‘ಜುಗಾರಿ ಕ್ರಾಸ್’ ತೆಗೆದುಕೊಂಡು ಹೋದರು. ಅದು ನನ್ನ ಪಟ್ಟಿಯಲ್ಲಿ ಕಾಲೇಜು ಹುಡುಗರ ಪುಸ್ತಕ. ಒಂದೇ ರಾತ್ರಿಯಲ್ಲಿ ಮುಗಿಸಿದೆ ಎಂದು ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಬಂದು ನಿಂತಿದ್ದರು.

‘ಬೆಟ್ಟದ ಜೀವ’ವನ್ನು ನಾನು ಮೊದಲು ಓದಿದ್ದು ಹದಿನಾರರಲ್ಲಿ. ಆಗ ಕಂಡದ್ದು ಕಾಡು, ಹೊಳೆ, ಹುಲಿ. ಆ ಅಜ್ಜ ಅಜ್ಜಿಯ ದುಃಖ ಪುಟಗಳ ನಡುವೆ ಎಲ್ಲೋ ಇತ್ತು, ನಾನು ಹಾರಿಸಿಕೊಂಡು ಹೋಗಿದ್ದೆ. ನಲವತ್ತರಲ್ಲಿ ಮತ್ತೆ ಓದಿದಾಗ ಹುಲಿ ಹಿಂದೆ ಸರಿದು, ಗೋಪಾಲಯ್ಯನ ನಗುವಿನ ಅಡಿಯಲ್ಲಿದ್ದ ಸಂಕಟ ಕಂಡಿತು. ಹಾಗಾದರೆ ಇದು ಯಾವ ವಯಸ್ಸಿನ ಪುಸ್ತಕ? ಹದಿನಾರರ ಓದು ತಪ್ಪು ಎನ್ನಲಾರೆ. ಅಂದು ಹುಲಿಗಾಗಿ ಓದಿರದಿದ್ದರೆ ನಲವತ್ತರಲ್ಲಿ ಆ ಪುಸ್ತಕಕ್ಕೆ ಮರಳುತ್ತಲೇ ಇರಲಿಲ್ಲ.

ಪಟ್ಟಿ ಮಾಡುವಾಗ ನಾನು ನಿಜಕ್ಕೂ ನೋಡಿದ್ದು ಓದುಗರ ವಯಸ್ಸನ್ನಲ್ಲ, ಪುಸ್ತಕದ ದಪ್ಪವನ್ನು ಮತ್ತು ಪಾತ್ರಗಳ ವಯಸ್ಸನ್ನು ಎಂದು ಈಗ ಅನ್ನಿಸುತ್ತದೆ. ‘ಚೋಮನ ದುಡಿ’ (1933) ತೆಳ್ಳಗಿದೆ, ಆದ್ದರಿಂದ ಚಿಕ್ಕವರಿಗೆ. ಆದರೆ ಉಳಲು ತುಂಡು ನೆಲ ಸಿಗದ ಚೋಮನ ಕಣ್ಣೆದುರೇ ಮಕ್ಕಳು ಒಂದೊಂದಾಗಿ ಕೈತಪ್ಪುವ ಆ ಕಥೆಯಷ್ಟು ಭಾರವಾದದ್ದು ಕನ್ನಡದಲ್ಲಿ ಕಡಿಮೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಏಳುನೂರು ಪುಟ ದಾಟುತ್ತದೆ, ಆದ್ದರಿಂದ ದೊಡ್ಡವರಿಗೆ. ಆದರೆ ಅಲ್ಲಿ ಓಡಿಹೋಗುವವರು, ಪ್ರೀತಿಸುವವರು ಹೆಚ್ಚಿನವರು ಎಳೆಯರೇ. ಗುತ್ತಿಯ ನಾಯಿ ಹುಲಿಯನಿಗಾಗಿಯೇ ಅಷ್ಟೂ ಪುಟ ಓದಿದ ಹತ್ತನೇ ತರಗತಿಯ ಹುಡುಗನನ್ನು ನಾನು ಬಲ್ಲೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಮುದುಕಿಯ ಕಥೆಯೆಂದು ಮುದುಕಿಯರ ಪಾಲಿಗೆ ಹಾಕಿದ್ದೆ. ಫಣಿಯಮ್ಮ ವಿಧವೆಯಾಗುವುದು ಬಾಲ್ಯದಲ್ಲಿ ಎಂಬುದನ್ನೇ ಮರೆತಿದ್ದೆ. ಆ ಕಾದಂಬರಿ ಹದಿಮೂರರ ಹುಡುಗಿಗೆ ಹೇಳುವಷ್ಟನ್ನು ಅರವತ್ತರವರಿಗೆ ಹೇಳುತ್ತದೆಯೋ ಇಲ್ಲವೋ.

ಹಾಗೆಂದು ಯಾರಿಗೆ ಬೇಕಾದರೂ ಏನು ಬೇಕಾದರೂ ಕೊಡಬಹುದೇ? ಇಲ್ಲ. ಇಲ್ಲಿ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ, ಚೆನ್ನಾಗಿ ಓದುತ್ತಿದ್ದ ಪಿಯುಸಿ ಹುಡುಗನಿಗೆ ಅನಂತಮೂರ್ತಿಯವರ ‘ಸಂಸ್ಕಾರ’ವನ್ನು (1965) ಒತ್ತಾಯ ಮಾಡಿ ಕೊಟ್ಟೆ. ಅದರ ಹಾಸಿಗೆಯ ಪ್ರಸಂಗ ಅವನಿಗೆ ತೊಡಕಾಗಲಿಲ್ಲ. ತೊಡಕಾದದ್ದು ಪ್ರಾಣೇಶಾಚಾರ್ಯರ ಸಂಕಟ. ಕಟ್ಟಿಕೊಂಡ ಬದುಕೊಂದು ಕೈಯಲ್ಲಿದ್ದವನಿಗೆ ಮಾತ್ರ ಅದು ಕುಸಿಯುವ ಭಯ ಅರ್ಥವಾಗುತ್ತದೆ. “ನನಗೆ ಕಾದಂಬರಿ ಆಗಿಬರೋಲ್ಲ ಸರ್” ಎಂದು ಅವನು ಪುಸ್ತಕ ಹಿಂತಿರುಗಿಸಿದ. ಈಗಲೂ ಬರುತ್ತಾನೆ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಿಗೆ. ಕಾದಂಬರಿಯ ಕಪಾಟಿನ ಕಡೆ ಹೋಗುವುದಿಲ್ಲ. ಬೈಗುಳ ಓದಿ ಕೆಟ್ಟ ಒಬ್ಬ ಹುಡುಗನನ್ನೂ ನಾನು ಕಂಡಿಲ್ಲ. ತಪ್ಪು ಹೊತ್ತಿನಲ್ಲಿ ದೊಡ್ಡ ಪುಸ್ತಕ ಕೊಟ್ಟು ನಾನೇ ಕಳೆದುಕೊಂಡ ಓದುಗ ಇವನು.

ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಎರಡು ಒಂದಕ್ಕೊಂದು ಜೋಡಿ: ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ವಯಸ್ಸಿನ ಪ್ರಸ್ತಾಪ ಅಲ್ಲೆಲ್ಲೂ ಇಲ್ಲ. ತರಬೇತಿಯಲ್ಲಿ ಇವನ್ನು ಬಾಯಿಪಾಠ ಮಾಡಿದ್ದ ನನಗೆ ಅರ್ಥವಾಗಲು ಇಷ್ಟು ಕಾಲ ಬೇಕಾಯಿತು.

ಒಂದು ವಯಸ್ಸಿನ ವಿಷಯದಲ್ಲಿ ಮಾತ್ರ ಪಟ್ಟಿ ನನಗೆ ನಿಜ ತೋರಿಸಿತು. ಹನ್ನೆರಡರಿಂದ ಹದಿನೈದರ ಭಾಗ ತುಂಬಲು ನಾನು ಪರದಾಡಿದ್ದೆ. ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಇದೆ, 2011ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದದ್ದು. ಆಮೇಲೆ ಕೈ ತಾನಾಗಿ ‘ಕರ್ವಾಲೊ’ (1980) ಕಡೆಗೆ ಹೋಯಿತು. ತೇಜಸ್ವಿ ಅದನ್ನು ಮಕ್ಕಳಿಗೆಂದು ಬರೆದವರಲ್ಲ. ಆದರೂ ಮಂದಣ್ಣನನ್ನೂ ಜೇನನ್ನೂ ಹಾರುವ ಓತಿಯನ್ನೂ ಮಕ್ಕಳು ಕೂಡಲೇ ತಮ್ಮದು ಮಾಡಿಕೊಳ್ಳುತ್ತಾರೆ. ಇನ್ನೂ ನಾಲ್ಕು ಹೆಸರು ಹುಡುಕುವಷ್ಟರಲ್ಲಿ ಸುಸ್ತಾದೆ. ಚಂದಮಾಮ ಬಿಟ್ಟ ಮಗು ನೇರವಾಗಿ ಕಾರಂತರ ಎದುರು ಬಂದು ನಿಲ್ಲುವಂತಾದರೆ, ನಡುವಿನ ಮೆಟ್ಟಿಲು ಕಟ್ಟದ ತಪ್ಪು ಮಗುವಿನದಲ್ಲ.

ಈಗ ಗೋಡೆ ಖಾಲಿ ಇದೆ. ಯಾರಾದರೂ “ಯಾವುದು ಓದಲಿ?” ಎಂದರೆ ವಯಸ್ಸು ಕೇಳುವುದಿಲ್ಲ. ಕೊನೆಯ ಸಲ ಯಾವ ಪುಸ್ತಕವನ್ನು ಅರ್ಧಕ್ಕೆ ಬಿಟ್ಟಿರಿ, ಯಾಕೆ ಬಿಟ್ಟಿರಿ ಎಂದು ಕೇಳುತ್ತೇನೆ. ಉತ್ತರದಲ್ಲೇ ಮುಂದಿನ ಪುಸ್ತಕ ಇರುತ್ತದೆ.

ಮೊನ್ನೆ ಆ ಹುಡುಗಿ ಮತ್ತೆ ಬಂದಿದ್ದಳು. ತನಗೊಂದು ತೆಗೆದುಕೊಂಡು, “ಅಪ್ಪನಿಗೂ ಒಂದು ಬೇಕಂತೆ” ಎಂದಳು. ಅವರು ಅರ್ಧಕ್ಕೆ ಬಿಟ್ಟದ್ದು ಯಾವುದು ಎಂದು ಕೇಳಿದೆ. ನಕ್ಕಳು. “ಗೃಹಭಂಗ. ನಾನು ಓದಿ ಇಟ್ಟಾಗ ಕದ್ದು ಓದ್ತಿದ್ರು. ಮುಗಿಸೋಕೆ ಮುಂಚೆ ನಾನು ವಾಪಸು ಕೊಟ್ಟುಬಿಟ್ಟೆ.”